ಕಂಪೈಲರ್ ದರ್ಶನದಲ್ಲಿ ‘ಫೇಲ್’ ಎಂಬ ಪದಾರ್ಥ

ಪರೀಕ್ಷೆಗೆ ಪಾಸು, ಫೇಲು ಎಂಬ ಎರಡೇ ಫಲಗಳೆಂದು ನಂಬಿದವರಿಗೆ ಈ ಗ್ರಂಥದಲ್ಲಿ ಅಧಿಕಾರವಿಲ್ಲ. ಅಧಿಕಾರಿ ಯಾರೆಂದರೆ, 1987ರಲ್ಲಿ ಅವತರಿಸಿದ ಜಿಸಿಸಿ ಕಂಪೈಲರಿನ ಮೂಲವನ್ನು ಇಳಿಸಿಕೊಂಡು, ಬಿಲ್ಡ್ ಮುಗಿಸಿ, ‘ಮೇಕ್ ಮೈನಸ್ ಕೆ ಚೆಕ್’ ಎಂಬ ಮಂತ್ರವನ್ನು ಟೈಪಿಸಿ, ಊಟಕ್ಕೆ ಹೋಗಿ ಬಂದು, ಇನ್ನೂ ಮುಗಿದಿಲ್ಲವೆಂದು ಕಂಡು ಕಾಫಿಗೆ ಹೊರಟವನು. ‘ಕೆ’ ಬೀಜಾಕ್ಷರದ ಅರ್ಥ: ಏನೇ ಮುರಿದರೂ ನಿಲ್ಲಬೇಡ. ನಿಷ್ಕಾಮ ಕರ್ಮವನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಆಚಾರ್ಯರೂ ಹೇಳಿಲ್ಲ.

ಈ ಪರೀಕ್ಷೆಗಳನ್ನು ನಡೆಸುವುದು ಡೆಜಾಗ್ನು. ಡೆಜಾಗ್ನು ಯಾವುದರಲ್ಲಿ ಓತಪ್ರೋತವಾಗಿದೆ? ಎಕ್ಸ್‌ಪೆಕ್ಟಿನಲ್ಲಿ. ಎಕ್ಸ್‌ಪೆಕ್ಟ್ ಯಾವುದರಲ್ಲಿ? ಟಿಕಲ್ ಭಾಷೆಯಲ್ಲಿ. ಟಿಕಲ್ ಯಾವುದರಲ್ಲಿ ಎಂಬುದು ಅತಿಪ್ರಶ್ನೆ, ಕೇಳಿದ ಗಾರ್ಗಿಯ ತಲೆ ಉರುಳೀತು. ಏಕೆಂದರೆ ಅದು ಸಿ ಭಾಷೆಯಲ್ಲಿದೆ, ಆ ಸಿಯನ್ನು ಕಂಪೈಲ್ ಮಾಡಿದ್ದು ಬಹುಶಃ ಜಿಸಿಸಿಯೇ. ಅಪರಾಧಿಯೇ ಕಟೆಕಟೆಯನ್ನೂ ಕಟ್ಟಿದ್ದಾನೆ ಎಂದು ತಾರ್ಕಿಕರು ಆಕ್ಷೇಪಿಸುತ್ತಾರೆ. ತಾರ್ಕಿಕರಿಗೆ ಬೇರೆ ಕೆಲಸವಿಲ್ಲ.

ಇನ್ನು ಫಲವಿಚಾರ. ಸೋಲುತ್ತದೆಂದು ಮೊದಲೇ ಗುರುತು ಹಾಕಿದ ಪರೀಕ್ಷೆ ಸೋತರೆ ಅದು ಎಕ್ಸ್‌ಫೇಲ್, ಯಾರಿಗೂ ದುಃಖವಿಲ್ಲ. ಅದೇ ಪರೀಕ್ಷೆ ಗೆದ್ದರೆ ಎಕ್ಸ್‌ಪಾಸ್. ಆಗ ಆತಂಕ, ಯಾರು ಸರಿಮಾಡಿದರು, ಯಾಕೆ ಮಾಡಿದರು ಎಂದು ವಿಚಾರಣೆ. ಜಿಡಿಬಿ ಸಂಪ್ರದಾಯದವರು ಇನ್ನೂ ಸೂಕ್ಷ್ಮಮತಿಗಳು. ತಪ್ಪು ಕಂಪೈಲರಿನದೋ ಆಪರೇಟಿಂಗ್ ಸಿಸ್ಟಮ್ಮಿನದೋ ಆದರೆ ಎಕ್ಸ್‌ಫೇಲ್. ತಮ್ಮದೇ ಆಗಿದ್ದು, ಗೊತ್ತಿದ್ದೂ ಉಳಿದಿದ್ದರೆ ಕೆಫೇಲ್. ಪಕ್ಕದ ಮನೆಯವರ ತಪ್ಪಿಗೊಂದು, ನಮ್ಮ ತಪ್ಪಿಗೊಂದು ಹೆಸರಿಡುವುದು ಎಲ್ಲ ಸಂಸಾರದಲ್ಲೂ ಉಂಟು. ಎರಡನ್ನೂ ಫೇಲ್ ಅಂಕಣದಿಂದ ಪಾರುಮಾಡಿದ್ದು ಜಿಡಿಬಿಯವರ ಹೆಚ್ಚುಗಾರಿಕೆ.

ಮೌನದಲ್ಲಿಯೂ ಮೂರು ಬಗೆ. ಈ ಯಂತ್ರದಲ್ಲಿ ಸಾಧ್ಯವೇ ಇಲ್ಲ ಎಂಬುದು ಅನ್‌ಸಪೋರ್ಟೆಡ್. ಪರೀಕ್ಷೆಯನ್ನು ಯಾರೂ ಇನ್ನೂ ಬರೆದಿಲ್ಲ ಎಂಬುದು ಅನ್‌ಟೆಸ್ಟೆಡ್. ಏನೋ ನಡೆಯಿತು, ಏನೆಂದು ಮನುಷ್ಯನೇ ನೋಡಿ ಹೇಳಬೇಕು ಎಂಬುದು ಅನ್‌ರಿಸಾಲ್ವ್ಡ್. ಸ್ವಯಂಚಾಲಿತ ಪರೀಕ್ಷೆಯ ಶಾಸ್ತ್ರದೊಳಕ್ಕೆ ಈ ಮನುಷ್ಯ ಹೇಗೆ ನುಸುಳಿದನೋ, ಭಾಷ್ಯಕಾರರು ಮಾತೆತ್ತುವುದಿಲ್ಲ.

ಪರೀಕ್ಷೆಯನ್ನು ಹಾರಿಸಿದ್ದೇನೆಂದು ಆಟೋಮೇಕಿಗೆ ತಿಳಿಸಲು 77 ಎಂಬ ಸಂಖ್ಯೆಯನ್ನು ಹೇಳಿ ನಿರ್ಗಮಿಸಬೇಕು. ಲಿನಕ್ಸ್ ಕರ್ನಲ್ಲಿನ ಕೆಸೆಲ್ಫ್‌ಟೆಸ್ಟಿಗಾದರೆ 4. 77 ಎಂದುಕೊಂಡು ಕರ್ನಲ್ಲಿಗೆ ಹೋದವನು ಫೇಲು, 4 ಎಂದುಕೊಂಡು ಆಟೋಮೇಕಿಗೆ ಬಂದವನೂ ಫೇಲು. ಮೋಕ್ಷ ಪ್ರಾಂತೀಯವಾದುದೆಂಬ ಮತಕ್ಕೆ ಇದು ಪ್ರಬಲ ಪ್ರಮಾಣ.

ಲೌಕಿಕರು ‘ಫ್ಲೇಕಿ’ ಎನ್ನುವ ಪರೀಕ್ಷೆ ಪಾಸೂ ಅಲ್ಲ, ಫೇಲೂ ಅಲ್ಲ, ಎರಡೂ ಅಲ್ಲವೆನ್ನುವಂತೆಯೂ ಇಲ್ಲ, ಆದ್ದರಿಂದ ಅನಿರ್ವಚನೀಯ. ಎಲ್ಲ ಕೋರ್‌ಗಳಿಗೂ ಏಕಕಾಲಕ್ಕೆ ಕೆಲಸ ಹಚ್ಚಿದಾಗ ಯಂತ್ರ ಏದುಸಿರು ಬಿಡುತ್ತದೆ, ಟೈಮ್‌ಔಟ್ ಮೀರುತ್ತದೆ, ನಿರಪರಾಧಿ ಪರೀಕ್ಷೆ ಬೀಳುತ್ತದೆ. ಕಾರಣ ಹುಡುಕಲೆಂದು ಒಂಟಿಯಾಗಿ ಓಡಿಸಿದರೆ ಪಾಸು. ಇದಕ್ಕೆ ಶಿಷ್ಟರು ಕಂಡುಕೊಂಡ ಪರಿಹಾರ ಜಪ: ಹಸಿರಾಗುವವರೆಗೆ ಮತ್ತೆ ಮತ್ತೆ ಓಡಿಸುವುದು.

ಇಷ್ಟೆಲ್ಲ ವಿನಾಯಿತಿ ಕೊಟ್ಟ ಮೇಲೂ ಜಿಸಿಸಿಯ ಪಟ್ಟಿಯಲ್ಲಿ ಒಂದಷ್ಟು ಅಪ್ಪಟ ಫೇಲುಗಳು ಉಳಿದೇ ಇರುತ್ತವೆ. ಅವು ಪ್ರಾರಬ್ಧ, ಅನುಭವಿಸಿಯೇ ತೀರಬೇಕು. ಪ್ಯಾಚ್ ಕಳಿಸುವವನ ಹೊಣೆ ಆಗಾಮಿಗೆ ಮಾತ್ರ: ಪ್ಯಾಚಿನ ಮೊದಲು, ಪ್ಯಾಚಿನ ನಂತರ ಎರಡೂ ಸಲ ಓಡಿಸಿ, ಹೊಸ ಫೇಲು ಹುಟ್ಟಿಲ್ಲವೆಂದು ತೋರಿಸಿದರಾಯಿತು.

ಇಲ್ಲೊಬ್ಬ ಪೂರ್ವಪಕ್ಷಿ ಏಳುತ್ತಾನೆ: “ಹಾಗಾದರೆ ಪರೀಕ್ಷೆಯನ್ನೇ ಅಳಿಸಿಬಿಟ್ಟರೆ?” ಪ್ರಾಚೀನರು ಇವನನ್ನು ಮೊದಲೇ ಊಹಿಸಿದ್ದರು. ಎರಡು ಫಲಿತಾಂಶಗಳನ್ನು ಹೋಲಿಸಲು ಜಿಸಿಸಿಯ ಜೊತೆಗೇ ಬರುವ ಕಂಪೇರ್ ಟೆಸ್ಟ್ಸ್ ಎಂಬ ಸ್ಕ್ರಿಪ್ಟು, ಕಾಣೆಯಾದ ಪರೀಕ್ಷೆಗಳನ್ನು ಬೇರೆ ಶೀರ್ಷಿಕೆಯಡಿ ಪಟ್ಟಿಮಾಡಿ, ಆವರಣದಲ್ಲಿ ‘ಈಈಕ್!’ ಎಂದು ಕಿರುಚುತ್ತದೆ. ನವರಸಗಳಲ್ಲಿ ಈ ಶಾಸ್ತ್ರಕ್ಕೆ ಒದಗಿದ್ದು ಭಯಾನಕವೊಂದೇ, ಅದೂ ಇದೊಂದೇ ಕಡೆ.