ಅಟ್ಟದ ಮೇಲಿನ ವಠಾರ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಹಗಲು ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿ. ರಾತ್ರಿಯಾದರೆ ಒಂದು ಪೆಟ್ಟಿಗೆಯ ಯಜಮಾನಿಕೆ: ಮನೆಯ ಅಟ್ಟದಲ್ಲಿ, ಗೌರಿಹಬ್ಬದ ಮೊರಗಳಿಗೂ ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಪಾತ್ರೆಗಳಿಗೂ ನಡುವೆ, ಹಸಿರು ದೀಪ ಮಿಟುಕಿಸುತ್ತ ಕೂತ ಪೆಟ್ಟಿಗೆ. ಯಾವುದೋ ಆಫೀಸು ಬಳಸಿ ಬಿಟ್ಟ ಪುಟ್ಟ ಡೆಸ್ಕ್‌ಟಾಪು, ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದದ್ದು. ಆಮೇಲೆ ಅದಕ್ಕೆ ತುಂಬಿಸಿದ 64 ಜಿಬಿ ಮೆಮೊರಿಯ ಬೆಲೆ ಪೆಟ್ಟಿಗೆಯದ್ದಕ್ಕಿಂತ ಹೆಚ್ಚು. ಆ ಸಂಗತಿ ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ. ಮನೆಯವರ ಪಾಲಿಗೆ ಅದೊಂದು ಡಬ್ಬ. ಇವನ ಪಾಲಿಗೆ ವಠಾರ: ಒಂದೇ ಸೂರು, ಒಂದೇ ನಲ್ಲಿ, ಒಂದೇ ಮೀಟರು, ಒಳಗೆ ಹದಿನಾಲ್ಕು ಬಾಡಿಗೆದಾರರು. ಪ್ರತಿಯೊಬ್ಬನೂ ಇಡೀ ಕಂಪ್ಯೂಟರು ತನ್ನೊಬ್ಬನದೇ ಎಂದು ನಂಬಿಕೊಂಡಿದ್ದಾನೆ. ಹಾಗೆ ನಂಬಿಸುವ ವಿದ್ಯೆಗೇ ವರ್ಚುವಲೈಸೇಶನ್ ಎನ್ನುವುದು. ಯಾಕಪ್ಪಾ ಇಷ್ಟೆಲ್ಲ ಎಂದು ಕೇಳಿದರೆ, ದೊಡ್ಡ ಕಂಪನಿಗಳ ಹಂಗು ಬೇಡ, ಅದಕ್ಕೇ ಎನ್ನುತ್ತಾನೆ. ಈ ಮಾತನ್ನು ಅವನು ನಂಬಿದ್ದಾನೆ, ನಾನು ನಂಬಿಲ್ಲ. ಕಂಪನಿಗಳಿಂದ ಬಿಡಿಸಿಕೊಳ್ಳುವುದಕ್ಕಿಂತ ತಾನೇ ಒಂದು ಕಂಪನಿಯಾಗುವುದು ಅವನ ಆಸೆ. ಅಟ್ಟದ ಮೇಲೆ ಸಾಕ್ಷ್ಯ ಬೇಕಾದಷ್ಟಿದೆ.

ಮೊದಲು ಚರಿತ್ರೆ ನೋಡಿ. ಈ ವಿದ್ಯೆ ಹುಟ್ಟಿದ್ದು ಅಭಾವದಲ್ಲಿ. 1960ರ ದಶಕದಲ್ಲಿ ಕಂಪ್ಯೂಟರೆಂದರೆ ಕೋಣೆ ತುಂಬುವ ಯಂತ್ರ. ಯಂತ್ರ ಒಂದು, ಕಾದು ಕೂತವರು ಹಲವರು. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಎಂಜಿನಿಯರುಗಳು ಅದನ್ನು ಹಂಚುವ ಉಪಾಯ ಹುಡುಕಿದರು. ಆ ಸಾಲಿನ ತಂತ್ರಾಂಶ 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಹೊರಬಂತು. 2007ರಲ್ಲಿ ಕೆವಿಎಂ ಎಂಬುದು ಲಿನಕ್ಸ್ ಕರ್ನೆಲ್ಲಿಗೇ ಸೇರಿಕೊಂಡ ಮೇಲೆ ಅದೇ ವಿದ್ಯೆ ಲಿನಕ್ಸಿನ ಜೊತೆಗೇ ಪುಕ್ಕಟೆ ಸಿಗತೊಡಗಿತು. ಮರುವರ್ಷ ವಿಯೆನ್ನಾದಿಂದ ಬಂದ ಪ್ರಾಕ್ಸ್‌ಮಾಕ್ಸ್, ಬ್ರೌಸರಿನಲ್ಲಿ ಗುಂಡಿ ಒತ್ತಿ ನಡೆಸುವಷ್ಟು ಅದನ್ನು ಸಲೀಸು ಮಾಡಿತು. ಅಂದರೆ ಹಲವರಿಗೆ ಒಂದು ಯಂತ್ರ ಸಾಲದಿದ್ದಾಗ ಕಂಡುಕೊಂಡ ದಾರಿ ಇದು. ನಮ್ಮ ಯಜಮಾನನ ಮನೆಯಲ್ಲಿರುವವರು ನಾಲ್ಕು ಮಂದಿ, ಯಂತ್ರಗಳು ಹದಿನಾಲ್ಕು. ಒಂದಕ್ಕಾಗಿ ಯಾರೂ ಸರದಿಯಲ್ಲಿ ನಿಂತಿಲ್ಲ. ಮಗಳಿಗೆ ಟ್ಯಾಬ್ ಇದೆ, ಅಮ್ಮನಿಗೆ ಫೋನಿದೆ, ಹೆಂಡತಿಗೆ ಅವಳ ಆಫೀಸಿನ ಲ್ಯಾಪ್‌ಟಾಪೇ ಸಾಕಾಗಿ ಹೋಗಿದೆ.

ಹಾಗಾದರೆ ಆ ಹದಿನಾಲ್ಕು ಬಾಡಿಗೆದಾರರು ಮಾಡುವುದೇನು? ಒಬ್ಬ ಜಾಹೀರಾತು ತಡೆಯುತ್ತಾನೆ. ಅವನ ಹೆಸರು ಪೈ-ಹೋಲ್. ಒಬ್ಬ ಸಿನಿಮಾ ತೋರಿಸುತ್ತಾನೆ. ಮತ್ತೊಬ್ಬ ಫೋಟೋ ಜೋಡಿಸಿಡುತ್ತಾನೆ. ಮನೆಗೆ ಉಪಯೋಗಕ್ಕೆ ಬರುವವರು ಅಲ್ಲಿಗೆ ಮುಗಿದರು. ಉಳಿದವರೆಲ್ಲ ವಠಾರವನ್ನು ನೋಡಿಕೊಳ್ಳುವುದಕ್ಕೆಂದೇ ವಠಾರದಲ್ಲಿರುವವರು. ಒಬ್ಬ ಮಿಕ್ಕವರು ಬದುಕಿದ್ದಾರೆಯೇ ಎಂದು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತಾನೆ. ಒಬ್ಬ ಅದನ್ನು ಗ್ರಾಫ್ ಮಾಡುತ್ತಾನೆ. ಒಬ್ಬ ಎಲ್ಲರ ಬ್ಯಾಕಪ್ ತೆಗೆಯುತ್ತಾನೆ, ಬ್ಯಾಕಪ್ ಆಗದಿದ್ದರೆ ಸುದ್ದಿ ಮುಟ್ಟಿಸಲು ಇನ್ನೊಬ್ಬನಿದ್ದಾನೆ. ಇವರ ಹೆಸರುಗಳನ್ನೆಲ್ಲ ಚಿತ್ರಸಮೇತ ಒಂದೇ ಪುಟದಲ್ಲಿ ತೋರಿಸುವ ಡ್ಯಾಶ್‌ಬೋರ್ಡಿಗೆ ಪ್ರತ್ಯೇಕ ಮನೆ. ಆಡಳಿತಕ್ಕಾಗಿಯೇ ಇರುವ ಆಡಳಿತ ಎಂದರೆ ಇದು. ಇನ್ನೂ ಒಂದು ಪುರಾವೆ ಬೇಕೆಂದರೆ, ಪ್ರಾಕ್ಸ್‌ಮಾಕ್ಸ್‌ಗೆ ಚಂದಾ ಕೊಡದವರು ಒಳಹೊಕ್ಕಾಗಲೆಲ್ಲ ನಿಮ್ಮ ಚಂದಾ ಇಲ್ಲ ಎಂಬ ಸೂಚನೆ ಎದ್ದು ನಿಲ್ಲುತ್ತದೆ. ಒಂದು ಸಲ ಸರಿ ಎಂದು ಒತ್ತಿದರೆ ಮುಗಿಯಿತು. ಇವನು ಒತ್ತುವುದಿಲ್ಲ, ಅದನ್ನು ಅಳಿಸುವ ಸ್ಕ್ರಿಪ್ಟ್ ಹುಡುಕಿ ಹಾಕುತ್ತಾನೆ. ಮುಂದಿನ ಅಪ್‌ಡೇಟಿಗೆ ಸೂಚನೆ ಮತ್ತೆ ಹಾಜರು, ಇವನ ಭಾನುವಾರ ಮತ್ತೆ ಭರ್ತಿ. ಶ್ರಮ ಉಳಿಸಬೇಕೆನ್ನುವವನು ಮಾಡುವ ಕೆಲಸವೇ ಇದು?

ಆಡಳಿತವಿದ್ದಲ್ಲಿ ಪ್ರಜೆಗಳು ಬೇಕು. ಹೆಂಡತಿ, ಮಗಳು, ಅಮ್ಮ ಎಲ್ಲರೂ ಈಗ ಇವನ ಬಾಯಲ್ಲಿ ಯೂಸರುಗಳು. ಶನಿವಾರ ರಾತ್ರಿ ಹನ್ನೊಂದಕ್ಕೆ ಮೇಂಟೆನೆನ್ಸ್ ಇದೆ ಎಂದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹೊರಡುತ್ತದೆ; ಯಾರೂ ಓದುವುದಿಲ್ಲ. ಎಲ್ಲ ವೆಬ್ ವಿಳಾಸಗಳ ವಿಚಾರಣೆಯೂ ಪೈ-ಹೋಲ್ ಮೂಲಕವೇ ಹೋಗಬೇಕೆಂದು ಇವನೇ ಕಟ್ಟಳೆ ಮಾಡಿರುವುದರಿಂದ, ಪೆಟ್ಟಿಗೆ ಮಲಗಿದರೆ ಮನೆಯ ಇಂಟರ್‌ನೆಟ್ಟೂ ಮಲಗುತ್ತದೆ, ಅಮ್ಮನ ಯೂಟ್ಯೂಬ್ ಪ್ರವಚನ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕಿಂತ ಧೈರ್ಯಸ್ಥರು ರೂಟರನ್ನೂ ಒಬ್ಬ ಬಾಡಿಗೆದಾರನನ್ನಾಗಿ ಒಳಗೆ ಕೂರಿಸಿಕೊಳ್ಳುತ್ತಾರೆ. ಆಗ ಪೆಟ್ಟಿಗೆ ಏಳದಿದ್ದರೆ, ಅದನ್ನು ಎಬ್ಬಿಸುವುದು ಹೇಗೆಂದು ಹುಡುಕುವುದಕ್ಕೂ ಮನೆಯಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಕೆಡುವುದಕ್ಕೆ ಕಾರಣಗಳೂ ಬೇಕಾದಷ್ಟಿವೆ. ಒಳಗೆ ಹೊಸದೊಂದು ಕಾರ್ಡು ಚುಚ್ಚಿದರೆ ಸಾಕು, ಹಳೆಯ ನೆಟ್‌ವರ್ಕ್ ಕಾರ್ಡಿನ ಹೆಸರಿನಲ್ಲಿ ಮೂರಿದ್ದದ್ದು ನಾಲ್ಕಾಗಬಹುದು. ಬಾಡಿಗೆದಾರರನ್ನು ನೆಟ್‌ವರ್ಕಿಗೆ ಜೋಡಿಸಲು ಹಳೆಯ ಹೆಸರಿಗೆ ಬರೆದಿಟ್ಟ ಸೇತುವೆ ಕುಸಿದು ಇಡೀ ವಠಾರದ ಸಂಪರ್ಕ ಕಡಿದುಹೋಗುತ್ತದೆ. ಆಗ ಏಣಿ ಹತ್ತಿ, ಮಾನಿಟರು ಕೀಬೋರ್ಡುಗಳನ್ನು ಅಟ್ಟಕ್ಕೆ ಸಾಗಿಸಿ, ಒಂದೇ ಒಂದು ಅಂಕಿ ತಿದ್ದಬೇಕು. ಆ ಹೊತ್ತಿನಲ್ಲಿ ಅವನ ಮುಖ ನೋಡಿದವರು, ಪಾಪ ಕಷ್ಟದಲ್ಲಿದ್ದಾನೆ ಎಂದು ಹೇಳಲಾರರು.

ಹಣ ಉಳಿಯುತ್ತದೆ ಎನ್ನುವುದು ಅವನ ಪರವಾಗಿ ಬರುವ ಮೊದಲ ವಾದ. ಫೋಟೋ ಇಡುವುದಕ್ಕೆ ತಿಂಗಳು ತಿಂಗಳು ಯಾರಿಗೋ ಯಾಕೆ ಕೊಡಬೇಕು? ಲೆಕ್ಕ ಹಾಕೋಣ. ಪೆಟ್ಟಿಗೆ, ಎರಡು ಡಿಸ್ಕು, ಒಂದು ಸ್ವಿಚ್ಚು ಸೇರಿ 60 ವ್ಯಾಟ್ ಎಂದಿಟ್ಟುಕೊಂಡರೆ, ಹಗಲೂ ರಾತ್ರಿ ಉರಿದು ತಿಂಗಳಿಗೆ 43 ಯೂನಿಟ್. ಕರ್ನಾಟಕದಲ್ಲಿ ಈ 43ಕ್ಕೆ ವಿಶೇಷ ಅರ್ಥವಿದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು ವಿದ್ಯುತ್ ಉಚಿತ. ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಸರಾಸರಿ 170 ಯೂನಿಟ್ಟಿನ ಸಂಸಾರಕ್ಕೆ 187ರವರೆಗೆ ಸೊನ್ನೆ ಬಿಲ್. ಅಟ್ಟದ 43 ಸೇರಿದರೆ 213. ಜಾಹೀರಾತು ತಡೆಯುವ ಬಾಡಿಗೆದಾರನಿಗಾಗಿ ಸರ್ಕಾರದ ಗ್ಯಾರಂಟಿಯನ್ನೇ ಬಿಟ್ಟುಕೊಟ್ಟ ಮನೆ ಇದು. ಕರೆಂಟು ಹೋದಾಗ ಪೆಟ್ಟಿಗೆ ಕಾಯುವ ಯುಪಿಎಸ್‌ನ ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಕೇಳುವ ದಕ್ಷಿಣೆಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಎರಡನೆಯ ವಾದ ಸ್ವಾತಂತ್ರ್ಯದ್ದು: ನಮ್ಮ ಮಾಹಿತಿ ನಮ್ಮ ಮನೆಯಲ್ಲಿ. ಮಾತು ಘನವಾದದ್ದೇ. ಆದರೆ ನಮ್ಮಲ್ಲಿ ಅನೇಕ ಮನೆಗಳ ಇಂಟರ್‌ನೆಟ್ಟಿಗೆ ಸ್ವಂತ ವಿಳಾಸವಿರುವುದಿಲ್ಲ, ಒಂದೇ ವಿಳಾಸವನ್ನು ಹಲವು ಗಿರಾಕಿಗಳು ಹಂಚಿಕೊಂಡಿರುತ್ತಾರೆ. ಹಾಗಾಗಿ ಆಫೀಸಿನಲ್ಲಿ ಕೂತು ಮನೆಯ ಫೋಟೋ ನೋಡಬೇಕೆಂದರೆ ಹೊರಗಿನ ಯಾವುದೋ ಕಂಪನಿಯ ಸುರಂಗ ಹಿಡಿದೇ ಬರಬೇಕು. ಕ್ಲೌಡಿನಿಂದ ಪಾರಾಗಲು ಕ್ಲೌಡಿನಲ್ಲೇ ಒಂದು ಮೂಲೆ ಬಾಡಿಗೆಗೆ ಹಿಡಿದವರೂ ಇದ್ದಾರೆ. ಬ್ಯಾಕಪ್ಪಿನದು ಇನ್ನೊಂದು ಕಥೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬುದು ಈ ವಲಯದ ಶಾಸ್ತ್ರ. ಬೇರೆ ಜಾಗವೆಂದರೆ ಹೆಂಡತಿಯ ತವರು, ತೀರ್ಥಹಳ್ಳಿಯ ಕಡೆ ಇದ್ದರೆ ಇನ್ನೂ ಸೊಗಸು. ಮಲೆನಾಡಿನಲ್ಲಿ ದೂರದಲ್ಲೆಲ್ಲೋ ಗುಡುಗಿದರೆ ಸಾಕು, ಮನೆಯ ಹಿರಿಯರು ಮೊದಲು ಮಾಡುವ ಕೆಲಸ ಎಲ್ಲ ಪ್ಲಗ್ಗುಗಳನ್ನು ಕೀಳುವುದು. ಟಿವಿ, ಫ್ರಿಜ್ಜು, ಮೋಡೆಮ್ಮು, ಅಳಿಯಂದಿರ ಡಬ್ಬ, ಯಾವುದಕ್ಕೂ ರಿಯಾಯಿತಿಯಿಲ್ಲ. ಸಿಡಿಲಿನ ವಿಷಯದಲ್ಲಿ ಮಾವನವರ ತಿಳಿವಳಿಕೆ ಅಳಿಯನ ಶಾಸ್ತ್ರಕ್ಕಿಂತ ಹಳೆಯದು, ನನ್ನ ಪ್ರಕಾರ ಹೆಚ್ಚು ವಿಶ್ವಾಸಾರ್ಹವೂ ಹೌದು.

ನನಗೆ ಸುಲಭವಾಗಿ ತಳ್ಳಿಹಾಕಲಾಗದ ಆಕ್ಷೇಪ ಒಂದೇ. ಪರರ ತಂತ್ರಾಂಶವನ್ನು ನಂಬಿ ಕೂತವರ ಗತಿ ಏನೆಂದು ಈಚೆಗೆ ಎಲ್ಲರೂ ಕಂಡಿದ್ದಾರೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ, ಇದೇ ವಿದ್ಯೆಯ ತಂತ್ರಾಂಶ ಮಾರುವ ವಿಎಂವೇರ್ ಅನ್ನು ಕೊಂಡುಕೊಂಡಿತು. 2024ರ ಫೆಬ್ರವರಿಗೆ, ವರ್ಷಗಟ್ಟಲೆ ಸಿಗುತ್ತಿದ್ದ ಅದರ ಇಎಸ್‌ಎಕ್ಸ್‌ಐ ತಂತ್ರಾಂಶದ ಉಚಿತ ಆವೃತ್ತಿ ನಿಂತುಹೋಯಿತು. 2025ರಲ್ಲಿ ಅದು ಸದ್ದಿಲ್ಲದೆ ಮರಳಿ ಬರುವಷ್ಟರಲ್ಲಿ ಅನೇಕ ವಠಾರಗಳು ಪ್ರಾಕ್ಸ್‌ಮಾಕ್ಸ್‌ಗೆ ಗುಳೆ ಹೋಗಿಯಾಗಿತ್ತು. ಹೀಗೆ ಗಂಟುಮೂಟೆ ಕಟ್ಟಿ ಹೊರಡಲು ಬಂದವನು ಏನೋ ಕಲಿತಿದ್ದಾನೆ ಎಂದು ಒಪ್ಪಬೇಕು. ನಾನು ಒಪ್ಪುತ್ತೇನೆ, ಮತ್ತು ಅಲ್ಲಿಯೇ ನನ್ನ ವಾದಕ್ಕೆ ಬಲ ಸಿಗುತ್ತದೆ. ಕಲಿಯುವುದೇ ಉದ್ದೇಶವಾಗಿದ್ದರೆ ಕಲಿತ ಮೇಲೆ ಪೆಟ್ಟಿಗೆ ಆರಿಸಬಹುದಿತ್ತು. ಆಫೀಸಿನಲ್ಲಿ ಒಂದು ಸಾಲು ಬದಲಿಸುವುದಕ್ಕೂ ಇವನಿಗೆ ಮೂವರ ಒಪ್ಪಿಗೆ ಬೇಕು. ಇವನು ನಡೆಸುವ ಸರ್ವರು ಯಾವ ದೇಶದಲ್ಲಿದೆಯೋ, ಇವನು ಅದನ್ನು ಕಣ್ಣಿಂದ ನೋಡಿದ್ದೂ ಇಲ್ಲ. ರೂಟ್ ಪಾಸ್‌ವರ್ಡು ಇವನ ಕೈಯಲ್ಲಿರುವುದು ಜಗತ್ತಿನಲ್ಲಿ ಅಟ್ಟದ ಮೇಲೆ ಮಾತ್ರ. ಇಷ್ಟು ಸ್ವಾತಂತ್ರ್ಯ ಸಿಕ್ಕ ಮೇಲೆ ಅವನು ಕಟ್ಟಿದ್ದೇನು? ಪ್ರಕಟಣೆ, ವೇಳಾಪಟ್ಟಿ, ಗ್ರಾಫು, ಯೂಸರುಗಳು: ಅದೇ ಆಫೀಸು. ಕುರ್ಚಿ ಮಾತ್ರ ಬದಲಾಗಿದೆ.

ಕುರ್ಚಿ ಸಿಕ್ಕವನು ವಿಸ್ತರಣೆಗೆ ಕೈಹಾಕುವುದು ಸಹಜ. ಪೆಟ್ಟಿಗೆ ಕೆಟ್ಟರೂ ಸೇವೆ ನಿಲ್ಲಬಾರದೆಂದು ಇನ್ನೊಂದನ್ನು ತಂದು ಎರಡನ್ನೂ ಕ್ಲಸ್ಟರ್ ಮಾಡುತ್ತಾನೆ. ಆದರೆ ಪ್ರಾಕ್ಸ್‌ಮಾಕ್ಸ್ ಬಹುಮತದ ಪ್ರಕಾರ ನಡೆಯುವ ವ್ಯವಸ್ಥೆ. ಇಬ್ಬರಲ್ಲಿ ಒಬ್ಬ ಬಿದ್ದರೆ, ಉಳಿದವನು ತನಗೆ ಬಹುಮತವಿಲ್ಲವೆಂದು ಹೊಸದಾಗಿ ಯಾವ ಬಾಡಿಗೆದಾರನನ್ನೂ ಎಬ್ಬಿಸಲು ಒಪ್ಪುವುದಿಲ್ಲ. ಮೂರನೆಯ ಮತ ಬೇಕೇ ಬೇಕು. ಅಂಗೈಯಗಲದ ಅಗ್ಗದ ಕಂಪ್ಯೂಟರೊಂದು ಆ ಮತ ಹಾಕಬಲ್ಲದು, ಅದಕ್ಕೆ ವಿಧಾನವೂ ಉಂಟು. ಇವನು ಆ ವಿಧಾನ ಬಲ್ಲ. ಆದರೂ ಈ ಶನಿವಾರ ಎಸ್.ಪಿ. ರೋಡಿಗೆ ಹೊರಟಿರುವುದು ಪೂರ್ತಿ ಅಳತೆಯ ಮೂರನೆಯ ಪೆಟ್ಟಿಗೆಗೆ. ಮೊದಲೆರಡರ ಖರ್ಚು ದಂಡವಾಗಬಾರದೆಂದೇ ಇದನ್ನು ತರುತ್ತಿರುವುದು ಎಂದು ಮನೆಯಲ್ಲಿ ಹೇಳಿಯಾಗಿದೆ.