ಹ್ಯಾಮ್‌ಸ್ಟರ್ ಸಾಕಣೆಯ ತಾತ್ವಿಕ ನೆಲೆಗಳು: ಶಂಕರಪುರಂ ಪರಿಸರವನ್ನು ವಿಶೇಷವಾಗಿ ಅನುಲಕ್ಷಿಸಿ

ಪ್ರಸ್ತಾವನೆ: ಮೂಷಿಕಕುಲದ ವಿದೇಶೀಯ ಪ್ರಭೇದವೊಂದು ದೇಶೀಯ ಗೃಹಾವಕಾಶವನ್ನು ಪ್ರವೇಶಿಸುವಾಗ ಸಂಭವಿಸುವ ಸಾಂಸ್ಕೃತಿಕ ಅನುಸಂಧಾನದ ಬಹುಮುಖಿ ಆಯಾಮಗಳನ್ನು ಮುಖಾಮುಖಿಯಾಗುವುದು ಪ್ರಸ್ತುತ ಅಧ್ಯಯನದ ಆಶಯ. ಸರಳವಾಗಿ ಹೇಳುವುದಾದರೆ, ಮಗು ಹಟ ಹಿಡಿಯಿತು, ಅಪ್ಪ ಹ್ಯಾಮ್‌ಸ್ಟರ್ ತಂದ. ಆದರೆ ಸರಳವಾಗಿ ಹೇಳಿದರೆ ಅದು ಪ್ರಬಂಧವಾಗುವುದಿಲ್ಲ, ಪ್ರಬಂಧವಾಗದಿದ್ದರೆ ಬಡ್ತಿ ಸಿಗುವುದಿಲ್ಲ. ಈಚೆಗೆ ವಿಚಾರ ಸಂಕಿರಣವೊಂದರಲ್ಲಿ ‘ಮನುಷ್ಯ–ಪ್ರಾಣಿ ಸಂಬಂಧದ ಕಥನಗಳು’ ಎಂಬ ಗೋಷ್ಠಿಯನ್ನು ಊಟದ ಹೊತ್ತು ಮೀರುವವರೆಗೆ ಕೇಳಿಸಿಕೊಂಡೆ. ಒಂದೇ ಒಂದು ಪ್ರಾಣಿಯ ಹೆಸರು ಬರಲಿಲ್ಲ. ಆ ಕೊರತೆಯನ್ನು ತುಂಬುವ ವಿನಮ್ರ ಯತ್ನವಿದು.

ಕ್ಷೇತ್ರ ಪರಿಚಯ: ಬೆಂಗಳೂರಿನ ಶಂಕರಪುರಂನ ಒಂದು ಬದಿಗೆ ಶಂಕರಮಠ, ಇನ್ನೊಂದು ಬದಿಗೆ ಸಜ್ಜನರಾವ್ ಸರ್ಕಲ್ಲಿನ ತಿಂಡಿಬೀದಿ, ಆತ್ಮಕ್ಕೂ ಅನ್ನಮಯ ಕೋಶಕ್ಕೂ ಸಮಾನ ವ್ಯವಸ್ಥೆ. ಇಲ್ಲಿನ ಇಲಿ ಮೂರು ನೆಲೆಗಳಲ್ಲಿ ಅಸ್ತಿತ್ವ ಪಡೆದಿದೆ. ದೊಡ್ಡ ಗಣಪತಿಯ ಸನ್ನಿಧಿಯಲ್ಲಿ ಅದು ಕೈಮುಗಿಸಿಕೊಳ್ಳುವ ವಾಹನ-ಮೂಷಿಕ. ಅಡುಗೆಮನೆಯಲ್ಲಿ, ಕೊಬ್ಬರಿ ಚೂರು ಸಿಕ್ಕಿಸಿದ ಬೋನಿನೆದುರು, ವಧ್ಯ-ಮೂಷಿಕ. ಹಾಲ್‌ನಲ್ಲಿ, ಸೂರ್ಯಕಾಂತಿ ಬೀಜ ಮೆಲ್ಲುತ್ತಾ, ಕ್ರೀತ-ಮೂಷಿಕ. ಒಂದೇ ಸೂರಿನಡಿ ಎರಡು ಪಂಜರಗಳು, ಎರಡು ಪರಸ್ಪರ ವಿರುದ್ಧ ಉದ್ದೇಶಗಳು: ಇದಕ್ಕೆ ‘ಪಂಜರದ್ವೈತ’ವೆಂದು ಹೆಸರಿಡಬಹುದಿತ್ತು. ಮಠದ ಬೀದಿಯಾದ್ದರಿಂದ ಹಿಂಜರಿದೆ.

ಸಿದ್ಧಾಂತದ ಮೊದಲ ಪರೀಕ್ಷೆ ನಡೆದದ್ದು ಅಜ್ಜಿಯ ಎದುರು. “ದುಡ್ಡು ಕೊಟ್ಟು ಇಲಿ ತಂದ್ಯೇನೋ? ಅಟ್ಟದ ಮೇಲಿರೋವು ಸಾಲ್ದಾಗಿತ್ತಾ?” ಹಗ್ಗದಲ್ಲಿ ಹಾವನ್ನು ಕಂಡ ಹಾಗೆ ಹ್ಯಾಮ್‌ಸ್ಟರ್‌ನಲ್ಲಿ ಇಲಿಯನ್ನು ಕಾಣುವ ಈ ಸ್ಥಿತಿ ಶುದ್ಧ ಅಧ್ಯಾಸ. ಬಾಲ ಇದೆಯೋ ಇಲ್ಲವೋ ಎನ್ನುವಷ್ಟು ಮೋಟಾಗಿರುವುದೇ ಭೇದಕ ಲಕ್ಷಣವೆಂದು ವಿವರಿಸಿದ ಮೇಲೆ ಅಜ್ಜಿ ಸುಮ್ಮನಾದರು. ಪಕ್ಕದ ಮನೆಯ ಬೆಕ್ಕಿಗೆ ಮಾತ್ರ ಇನ್ನೂ ಜ್ಞಾನೋದಯವಾಗಿಲ್ಲ.

ವಂಶಾವಳಿ: ಈ ಪ್ರಾಣಿಯನ್ನು, ಅಂದರೆ ಸಿರಿಯನ್ ಹ್ಯಾಮ್‌ಸ್ಟರ್ ಅನ್ನು, 1839ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದವನು ಜಾರ್ಜ್ ವಾಟರ್‌ಹೌಸ್. ಅನಂತರ 1930ರಲ್ಲಿ, ಕಾಲಾ ಅಜಾರ್ ರೋಗದ ಸಂಶೋಧನೆಗೆ ಹ್ಯಾಮ್‌ಸ್ಟರ್ ಬೇಕೆಂದು ಸಾಲ್ ಆಡ್ಲರ್ ಕೇಳಿದ್ದರಿಂದ, ಜೆರುಸಲೆಮ್ಮಿನ ಹೀಬ್ರೂ ವಿಶ್ವವಿದ್ಯಾಲಯದ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿಯ ಗೋಧಿ ಹೊಲವೊಂದನ್ನು ಅಗೆಸಿ ಒಂದು ತಾಯಿಯನ್ನೂ ಹನ್ನೊಂದು ಮರಿಗಳನ್ನೂ ಹಿಡಿದ. ಗಾಬರಿಬಿದ್ದ ತಾಯಿ ಒಂದು ಮರಿಯನ್ನು ತಾನೇ ಕೊಂದಿತು. ಹಿಡಿದವರು ತಾಯಿಯನ್ನು ಕೊಂದರು. ಉಳಿದವುಗಳಲ್ಲೂ ಕೆಲವು ತಪ್ಪಿಸಿಕೊಂಡು, ಕೆಲವು ಸತ್ತು, ಕೊನೆಗೆ ಅಣ್ಣ-ತಂಗಿಯರಿಂದಲೇ ಸಂತಾನ ಬೆಳೆಸಿದರು. ಇಂದು ಪ್ರಪಂಚದ ಮನೆಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದೇ ಬಿಲದ ಕುಡಿಗಳು. ಅಂದರೆ ಹೆಚ್ಚುಕಮ್ಮಿ ಎಲ್ಲವೂ ಅಲೆಪ್ಪೊ ಗೋತ್ರ. ಜಾತಕ ಹಿಡಿದು ಸಗೋತ್ರವೆಂದು ಸಂಬಂಧ ಮುರಿಯುವ ಬೀದಿಯಲ್ಲಿ ಇಂಥ ಕುಲವೊಂದು ಹಾಲ್‌ನ ಟೀವಿ ಪಕ್ಕದಲ್ಲೇ ನೆಲೆಸಿರುವುದು ಉದಾರತೆಯೇ ಸರಿ.

ಗ್ರಾಹಕರ ವರ್ಗೀಕರಣ: ಕೊಳ್ಳುವವರಲ್ಲಿ ಏಳು ವರ್ಗ. 1. ಹುಟ್ಟುಹಬ್ಬ-ಪ್ರೇರಿತರು. 2. ಶ್ವಾನ-ನಿರಾಕೃತರು, ಅಂದರೆ ನಾಯಿ ಕೇಳಿ ಬೈಸಿಕೊಂಡವರು. 3. ಗ್ರೀಷ್ಮಾವಕಾಶವಾದಿಗಳು; ಏಪ್ರಿಲ್‌ನಲ್ಲಿ ತಂದು, ಜೂನ್‌ನಲ್ಲಿ ಸ್ಕೂಲು ಶುರುವಾಗುತ್ತಲೇ “ಯಾರಿಗಾದ್ರೂ ಬೇಕಾ?” ಎಂದು ವಿಚಾರಿಸುವವರು. ನಾಲ್ಕರಿಂದ ಏಳರವರೆಗಿನವರೂ ಇವರೇ, ಹೆಸರು ಬೇರೆ. ಬಿಡಿ.

ಆಹಾರ ಮೀಮಾಂಸೆ: ಕಾಳು, ಧಾನ್ಯ, ಸೌತೆಕಾಯಿ ಚೂರು ಗ್ರಾಹ್ಯ. ಈರುಳ್ಳಿ, ಬೆಳ್ಳುಳ್ಳಿ ವರ್ಜ್ಯ; ಈ ವಿಷಯದಲ್ಲಿ ನಮ್ಮ ಬೀದಿಯ ಎಷ್ಟೋ ಅಡುಗೆಮನೆಗಳು ಹ್ಯಾಮ್‌ಸ್ಟರ್‌ಗೆಂದೇ ಕಟ್ಟಿದಂತಿವೆ. ನೀರಿನ ಸ್ನಾನ ನಿಷಿದ್ಧ, ಮರಳಿನಲ್ಲಿ ಹೊರಳಿದರೆ ಅದರ ಮಡಿಯಾಯಿತು. ಶಾಂಪೂ ಹಾಕಿ ತೊಳೆಯುವ ಮಕ್ಕಳಿದ್ದಾರೆ, ತೊಳೆಯುವುದನ್ನು ವಿಡಿಯೊ ತೆಗೆಯುವ ಅಪ್ಪಂದಿರೂ ಇದ್ದಾರೆ.

ಆಯ್ಕೆಯ ಮಾನದಂಡಗಳು: ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಹೋಗಬೇಕು. ಹಗಲಲ್ಲಿ ಅದು ಮಲಗಿರುತ್ತದೆ, ರೋಗವೋ ನಿದ್ದೆಯೋ ತಿಳಿಯುವುದಿಲ್ಲ. ಕಣ್ಣು ಹೊಳೆಯುತ್ತಿರಬೇಕು, ಬಾಲದ ಬುಡ ಒಣಗಿರಬೇಕು. ಅಲ್ಲಿ ಒದ್ದೆಯಿದ್ದರೆ ಭೇದಿ. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನದಲ್ಲೇ ಸಾಯಬಹುದು. ಇದಿಷ್ಟೂ ಹೇಳಬೇಕಾದವನು ಅಂಗಡಿಯವನು. ಅವನು ಹೇಳುವುದು ಇಷ್ಟು: “ಒಂದೇ ಇದ್ರೆ ಬೇಜಾರಾಗುತ್ತೆ ಸಾರ್, ಜೋಡಿ ತಗೊಳ್ಳಿ.”

ಸುಳ್ಳು. ಇಲ್ಲಿ ನನಗೆ ಪರಿಭಾಷೆ ಸಾಕು. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್ ಒಂಟಿಯಾಗಿ ಬಾಳುವ ಜೀವ. ಒಂದೇ ಪಂಜರದಲ್ಲಿ ಎರಡನ್ನು ಕೂಡಿಹಾಕಿದರೆ ರಕ್ತ ಬರುವಂತೆ ಕಚ್ಚಾಡುತ್ತವೆ, ಒಂದು ಸಾಯುವುದೂ ಉಂಟು. ಗಂಡು-ಹೆಣ್ಣಾದರೆ ಹದಿನಾರು ದಿನಕ್ಕೆ ಮರಿ. ಬಾಣಂತಿಯನ್ನು ಎತ್ತಿ ಆಡಿಸಿದರೆ ಅದು ಮರಿಗಳನ್ನೇ ತಿಂದೀತು. ಅದನ್ನು ಕಾಣುವುದು ಯಾರು? ಸ್ಕೂಲ್ ವ್ಯಾನಿಗೆ ಕಾಯುತ್ತಾ ಬಗ್ಗಿ ನೋಡಿದ ಮಗು. ಪಂಜರದ ಜೊತೆ ಬಿಟ್ಟಿ ಕೊಡುವ ಆ ಸರಳಿನ ಪುಟ್ಟ ಚಕ್ರದಲ್ಲಿ ಓಡಿದರೆ ಬೆನ್ನು ಬಾಗುತ್ತದೆ, ಸಂದಿಗೆ ಕಾಲು ಸಿಕ್ಕಿ ಮುರಿಯುತ್ತದೆ. ಸಂದಿಯಿಲ್ಲದ, ಓಡುವಾಗ ಬೆನ್ನು ಬಾಗದಷ್ಟು ದೊಡ್ಡ ಚಕ್ರ ಬೇಕು. ತೋಡುವುದಕ್ಕೆ ಒಂದು ಗೇಣಾದರೂ ಕಾಗದದ ಚೂರು ಬೇಕು. ಸಂಕಿರಣದ ಆ ಮಹನೀಯರು ‘ಅಂಚಿನ ಅಸ್ಮಿತೆ’ಯನ್ನು ಅಷ್ಟು ಹೊತ್ತು ಅರೆದರಲ್ಲ, ಈ ನಾಲ್ಕು ಮಾತು ಹೇಳಲು ಅವರಿಗೆ ಏನು ಖರ್ಚಾಗುತ್ತಿತ್ತು?

ರಾತ್ರಿಯೊಂದರಲ್ಲಿ ಹಲವು ಕಿಲೋಮೀಟರ್ ಓಡುವ ಪ್ರಾಣಿ ಅದು. ಅದರ ಕಾಡು ಬಳಗವನ್ನು ಸಿರಿಯಾ–ಟರ್ಕಿ ಗಡಿಯ ಹೊಲಗಳಲ್ಲಿ ಪೀಡೆಯೆಂದು ಕೊಲ್ಲುತ್ತಾ ಬಂದಿದ್ದಾರೆ; ಈಗ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅಲೆಪ್ಪೊ ನಗರದ ಎಷ್ಟೋ ಭಾಗ ಯುದ್ಧದಲ್ಲಿ ನೆಲಕಚ್ಚಿತು. ಊರಿಲ್ಲ, ಹೊಲವಿಲ್ಲ, ಮಣ್ಣಿಲ್ಲ. ಉಳಿದದ್ದು ಟೀವಿ ಪಕ್ಕದಲ್ಲೋ, ಬಾಲ್ಕನಿಯ ವಾಷಿಂಗ್ ಮೆಷಿನ್ ಮೇಲೋ ಒಂದಡಿ ಜಾಗ. ಎರಡು ಮೂರು ವರ್ಷದ ಆಯುಸ್ಸನ್ನು ಅದು ಅಲ್ಲೇ, ನೆಲ ಕೆರೆಯಲು ಹೋಗಿ ಪ್ಲಾಸ್ಟಿಕ್ ಕೆರೆಯುತ್ತಾ ಮುಗಿಸಬೇಕು.

ಅನುಬಂಧ: ಸಾಕುಪ್ರಾಣಿ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕೆಂದು 2018ರ ಕೇಂದ್ರ ನಿಯಮಗಳು ಹೇಳುತ್ತವೆ. ಕ್ಷೇತ್ರಕಾರ್ಯದ ಅಂಗವಾಗಿ ಅಂಗಡಿಯೊಂದರಲ್ಲಿ ಆ ನೋಂದಣಿ ಪತ್ರ ತೋರಿಸಪ್ಪಾ ಎಂದು ಕೇಳಿದೆ. “ಓನರ್ ಊರಿಗೆ ಹೋಗಿದಾರೆ ಸಾರ್” ಅಂದ. ಆಮೇಲೆ ದನಿ ತಗ್ಗಿಸಿ, “ಜೋಡಿ ತಗೊಂಡ್ರೆ ಚಕ್ರ ಫ್ರೀ.”