ಹಳೇ ಬಿಡ್ಡು: ಅರಸೀಕೆರೆ ಸೀಮೆಯಲ್ಲಿ ಕ್ರೀಡಾಚೀಟಿ ಹರಾಜಿನ ಉಗಮ, ವಿಕಾಸ ಮತ್ತು ಗೃಹಕಲಹ

ಒಂದು: ಲಕ್ಷಣ

ಆಟಗಾರನ ಪಟವಿರುವ ಅಂಗೈಯಗಲದ ರಟ್ಟಿನ ತುಂಡನ್ನು ಮುಟ್ಟಿ ನೋಡದೆ, ಮಾರುವವನ ಮುಖ ಕಾಣದೆ, ಮನೆಯವರೆಲ್ಲ ಮಲಗಿದ್ದು ಖಾತ್ರಿಯಾದ ಮೇಲೆ ಮೊಬೈಲಿನಲ್ಲಿ ಸದ್ದಿಲ್ಲದೆ ಕೂಗಿ ಕೊಳ್ಳುವ ವಿದ್ಯೆಗೆ ಕ್ರೀಡಾಚೀಟಿ ಹರಾಜು ಎಂದು ಹೆಸರು. ಅರವತ್ತನಾಲ್ಕು ವಿದ್ಯೆಗಳ ಪಟ್ಟಿಯಲ್ಲಿ ಇದು ಇಲ್ಲ. ಪಟ್ಟಿ ಮಾಡಿದವರ ಹತ್ತಿರ ಕ್ರೆಡಿಟ್ ಕಾರ್ಡ್ ಇರಲಿಲ್ಲ.

ಈ ವಿದ್ಯೆ ಅಮೆರಿಕದ್ದೆಂದು ಲೋಕ ನಂಬಿದೆ. ಅಲ್ಲಿ 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಹಂಚಿದ ಚೀಟಿಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನದೊಂದು 2021ರಲ್ಲಿ 66 ಲಕ್ಷ ಡಾಲರಿಗೆ ಹೋಯಿತು. ಮರುವರ್ಷ ಮಿಕಿ ಮ್ಯಾಂಟಲ್‌ನ 1952ರ ಚೀಟಿಗೆ 1 ಕೋಟಿ 26 ಲಕ್ಷ ಡಾಲರ್ ಬಂತು. ಆಗಿನ ಲೆಕ್ಕದಲ್ಲಿ ನಮ್ಮ ನೂರು ಕೋಟಿ ರೂಪಾಯಿ. ಇಂಗ್ಲೆಂಡಿನವರು ಇನ್ನೂ ಹಿಂದಿನವರು. ಪೊಟ್ಟಣ ಮುದುರದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರನ್ನು ಅಚ್ಚು ಹಾಕಿಸಿತ್ತು. ಸರಿಯಾಗಿ ನೂರು ವರ್ಷದ ಮೇಲೆ, 1996ರಲ್ಲಿ, ನಮ್ಮ ಉಪಖಂಡದ ವಿಶ್ವಕಪ್ಪಿಗೆ ವಿಲ್ಸ್ ಕಪ್ ಎಂದೇ ಹೆಸರಾಯಿತು. ಸಿಗರೇಟು ಸೇದುವವರ ಶ್ವಾಸಕೋಶ ಹೋಯಿತು, ರಟ್ಟು ಮಾತ್ರ ಉಳಿಯಿತು.

ಇಷ್ಟು ಪೂರ್ವಪಕ್ಷ. ಇನ್ನು ಸಿದ್ಧಾಂತ: ಈ ವಿದ್ಯೆ ಹುಟ್ಟಿದ್ದು ಹಾಸನ ಜಿಲ್ಲೆಯಲ್ಲಿ. ಹುಟ್ಟಿದ ಜಾಗದಲ್ಲೇ ಅದು ಈ ಲೇಖಕನ ಇಪ್ಪತ್ತೆರಡು ಡಾಲರನ್ನು ನುಂಗಿತು.

ಎರಡು: ಪದನಿಷ್ಪತ್ತಿ

ಹರಾಜಿಗೆ ಮೂರು ಹಂತ. ಹುಡುಕುವುದು, ಬೆಲೆ ಕಟ್ಟುವುದು, ಕೂಗುವುದು. ಮೂರನ್ನೂ ನಮ್ಮ ಹಿರಿಯರು ಮೂರು ಊರಿನ ಹೆಸರಲ್ಲಿ ಅಡಗಿಸಿಟ್ಟಿದ್ದಾರೆ.

ಅರಸೀಕೆರೆ ಎಂದರೆ ಅರಸಿ ಕಟ್ಟಿಸಿದ ಕೆರೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಕೆರೆ ಊರ ಪಕ್ಕದಲ್ಲೇ ಇದೆ ಎಂಬ ಒಂದೇ ಕಾರಣಕ್ಕೆ ಇದನ್ನು ಒಪ್ಪಲಾಗದು. ಕಣ್ಣಿಗೆ ಕಾಣುವುದನ್ನೇ ನಂಬಿದರೆ ಸಂಶೋಧನೆ ಯಾತಕ್ಕೆ? ‘ಅರಸು’ ಎಂದರೆ ಹುಡುಕು. ‘ಕೆರೆ’ ಎಂದರೆ ತುರಿಸು. ಮೊದಲು ಅರಸಿ, ಆಮೇಲೆ ತಲೆ ಕೆರೆ ಎಂಬುದೇ ನಿಜವಾದ ಅರ್ಥ. 1999ರ ವಿಶ್ವಕಪ್ಪಿನಲ್ಲಿ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಗಳ ಮೇಲಿನ ರನ್ನುಗಳನ್ನು ನೂರಾಗುವ ತನಕ ಕೂಡಿಸಿ, ಬದಲಿಗೆ ಸಿಕ್ಕ ಪುಸ್ತಿಕೆಯನ್ನು ನಾಣ್ಯದಿಂದ ಕೆರೆದು, ಇಂಗ್ಲೆಂಡಿನ ವಿಮಾನಕ್ಕೆ ಕಾದ ನನ್ನ ಪೀಳಿಗೆಗೆ ಈ ನಿಷ್ಪತ್ತಿಯಲ್ಲಿ ಅನುಮಾನವೇ ಇಲ್ಲ.

ಬೇಲೂರಿನ ಹಳೆಯ ಹೆಸರು ವೇಲಾಪುರ. ಹರಾಜಿಗೆ ನಮ್ಮ ಕಡೆ ಏಲಂ ಎಂದೂ ತೆಲುಗರಲ್ಲಿ ವೇಲಂ ಎಂದೂ ಹೆಸರು. ಆದ್ದರಿಂದ ವೇಲಾಪುರವೆಂದರೆ ಹರಾಜಿನ ಪಟ್ಟಣ. ಏಲಂ ಎಂಬ ಮಾತು ಪೋರ್ಚುಗೀಸರಿಂದ ಬಂತು, ಅವರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ವ್ಯತ್ಯಾಸ ಬರೀ 381 ವರ್ಷ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಕಾದು ಬೆಳೆದವನಿಗೆ ಅದೊಂದು ತಡವೇ ಅಲ್ಲ.

ಹಳೇಬೀಡಂತೂ ತಾನಾಗಿಯೇ ಬಾಯಿಬಿಡುತ್ತದೆ. ನೀವು ಹತ್ತು ಡಾಲರ್ ಕೂಗಿ ಹಾಯಾಗಿ ಮಲಗಿದ್ದೀರಿ. ಭೂಗೋಳದ ಆಚೆ ಬದಿಯಲ್ಲಿ ಯಾವನೋ ಹನ್ನೊಂದು ಕೂಗಿದ. ನಿಮ್ಮದು ಹಳೇ ಬಿಡ್ಡಾಯಿತು. ಅದನ್ನು ಎಳೆದು ಹೇಳಿದರೆ ಹಳೇಬೀಡು. 1311ರಲ್ಲಿ ಮಲಿಕ್ ಕಾಫರ್ ಇದೇ ಊರಿಗೆ, ಅಂದರೆ ಆಗಿನ ದೋರಸಮುದ್ರಕ್ಕೆ ಬಂದು, ಒಂದೂ ಬಿಡ್ ಕೂಗದೆ, ಇಡೀ ಲಾಟನ್ನೇ ಎತ್ತಿಕೊಂಡು ಹೋದ. ಹರಾಜಿನ ನಿಯಮ ಮೀರಿದ ಮೊದಲ ಪ್ರಕರಣ ಇದು.

ಮೂರು: ಶಿಲಾಚೀಟಿ

ಚೀಟಿಗೆ ಬೇಕಾದ್ದು ಒಬ್ಬ ಆಟಗಾರ, ಒಂದು ಭಂಗಿ, ಒಬ್ಬ ಎದುರಾಳಿ. ಹೊಯ್ಸಳ ಲಾಂಛನದಲ್ಲಿ ಸಳನಿದ್ದಾನೆ, ಹುಲಿಯಿದೆ. ಐತಿಹ್ಯದಲ್ಲಿ ಗುರುಗಳ ‘ಹೊಯ್ ಸಳ’ ಎಂಬ ಕಾಮೆಂಟರಿ ಕೂಡ ಇದೆ. ರಟ್ಟಿನ ಬದಲು ಬಳಪದ ಕಲ್ಲು, ಅಷ್ಟೇ ವ್ಯತ್ಯಾಸ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಈ ಕಲ್ಲು ಚೀಟಿ ಕೊಳ್ಳುವವನ ಹೃದಯದ ಹಾಗೆ: ಕೂಗುವಾಗ ಬೆಣ್ಣೆ, ಬಿಲ್ಲು ಬಂದಾಗ ಬಂಡೆ.

ಹೊಯ್ಸಳೇಶ್ವರದ ಗೋಡೆಯನ್ನು ಸುತ್ತಿ ಬಂದರೆ ಪೂರ್ತಿ ಸೆಟ್ಟೇ ಕಾಣುತ್ತದೆ. ಕೆಳಸಾಲಿನಲ್ಲಿ ಸಾವಿರಕ್ಕೂ ಹೆಚ್ಚು ಆನೆ. ಇವು ‘ಕಾಮನ್’, ಯಾವ ಪೊಟ್ಟಣ ಒಡೆದರೂ ಸಿಗುವ ಮಾಲು. ಅವುಗಳ ಮೇಲೆ ಸಿಂಹ, ಕುದುರೆ, ಮಕರ, ಹಂಸ. ಮೇಲೆ ಹೋದಷ್ಟೂ ಬೆಲೆ ಹೆಚ್ಚು. ಬೇಲೂರಿನ ದರ್ಪಣಸುಂದರಿ ‘ಒಂದಕ್ಕೆ ಒಂದು’, ಅಂದರೆ ಇನ್ನೊಂದು ಅಚ್ಚು ಇಲ್ಲ. ಹಸ್ತಾಕ್ಷರವಿರುವ ಚೀಟಿಗೆ ಹತ್ತು ಪಟ್ಟು ಬೆಲೆ ಎಂಬುದು ಅಮೆರಿಕದವರ ಹೊಸ ಶೋಧವೇನಲ್ಲ. ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತವನ ಮಗ ಚಾವಣ ತಮ್ಮ ಮದನಿಕೆಯರ ಕಾಲಡಿ ಹೆಸರು ಕೊರೆದರು. ಜೊತೆಗೆ ಎದುರಾಳಿ ಶಿಲ್ಪಿಗಳ ಹೊಟ್ಟೆ ಉರಿಸುವ ಬಿರುದುಗಳನ್ನೂ ಕೊರೆದರು.

2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ನಕ್ಷತ್ರಾಕಾರದ ಮಂಟಪವಿರುವ ಅರಸೀಕೆರೆಯ 1220ರ ಶಿವಾಲಯ ಸೇರಲಿಲ್ಲ. ಕೊನೆಯ ಮೂರು ಸೆಕೆಂಡಿನಲ್ಲಿ ಸೋಮನಾಥಪುರ ಕೂಗಿರಬೇಕು.

ನಾಲ್ಕು: ಕ್ಷೇತ್ರಕಾರ್ಯ

ಬೇಲೂರಿನ ಗೋಪುರದ ಮುಂದೆ ಕ್ಷೇತ್ರಕಾರ್ಯ ನಡೆಯಿತು. ಜೋಡಿಸಿ ಮಡಿಚಿದ ಮದನಿಕೆ ಚಿತ್ರಗಳ ಕಟ್ಟೊಂದನ್ನು ಹುಡುಗನೊಬ್ಬ ಹಾವಾಡಿಗನ ಹಾಗೆ ನನ್ನ ಮುಂದೆ ಜಾರಿಬಿಟ್ಟ. ‘ಇನ್ನೂರು ಸಾರ್.’ ನಾನು ಮಾತಾಡಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನೂರೈವತ್ತಾಯಿತು. ಎಳನೀರು ಗಾಡಿಯ ಹತ್ತಿರ ನೂರು. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ‘ನಿಮ್ ಬಾಯಲ್ಲಿ ಬಂದಿದ್ದು ಕೊಡಿ’. ನನ್ನ ಬಾಯಲ್ಲಿ ಏನೂ ಬರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಐವತ್ತಕ್ಕೆ ವ್ಯವಹಾರ ಮುಗಿಯಿತು.

ಶಾಸ್ತ್ರದಲ್ಲಿ ಇದಕ್ಕೆ ಇಳಿಮುಖ ಹರಾಜು ಎನ್ನುತ್ತಾರೆ. ಹಾಲೆಂಡಿನಲ್ಲಿ ಹೂವು ಮಾರುವುದು ಹೀಗೆಯೇ. ಸುಮ್ಮನಿದ್ದಷ್ಟೂ ಬೆಲೆ ಇಳಿಯುತ್ತದೆ. ಹಗಲು ನಲವತ್ತು ಹೆಜ್ಜೆ ಬಾಯಿಮುಚ್ಚಿ ನಡೆದು ನೂರೈವತ್ತು ಉಳಿಸಿದ ಮನುಷ್ಯ, ಅದೇ ರಾತ್ರಿ ಹಾಸಿಗೆಯಲ್ಲಿ ಮಲಗಿದಲ್ಲೇ ಸಾವಿರದೆಂಟುನೂರು ಕಳೆದದ್ದು ಹೇಗೆ ಎಂಬುದು ಈ ಪ್ರಬಂಧದ ಕೇಂದ್ರ ಪ್ರಶ್ನೆ.

ಐದು: ಕೊಬ್ಬರಿ ಪ್ರಮಾಣ

ಅಮೆರಿಕದಲ್ಲಿ 1991ರಿಂದ ಚೀಟಿಗಳಿಗೆ ಅಂಕ ಕೊಡುವ ಸಂಸ್ಥೆ ಇದೆ. ಮೂಲೆ, ಅಂಚು, ಮೈ, ಚಿತ್ರ ನಡುವಿಗೆ ಕೂತಿದೆಯೋ ಇಲ್ಲವೋ ಎಂದು ಭೂತಗನ್ನಡಿಯಲ್ಲಿ ನೋಡಿ, ಹತ್ತಕ್ಕೆ ಇಷ್ಟು ಎಂದು ಬರೆದು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿ ಕೊಡುತ್ತಾರೆ. ಮೂಗು ಮುರಿದ ನಮ್ಮ ಹಳೇಬೀಡಿನ ವಿಗ್ರಹಗಳನ್ನು ಕಳಿಸಿದರೆ ನಾಲ್ಕು ದಾಟುವುದು ಕಷ್ಟ.

ಆದರೆ ಅಂಕ ಹಾಕುವ ವಿದ್ಯೆ ಅರಸೀಕೆರೆ ರೈತನಿಗೆ ಹುಟ್ಟಿನಿಂದಲೇ ಬಂದದ್ದು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾನೆ. ಒಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ಆಮೇಲೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಗಡಗಡ ಎಂದರೆ ಗಿಟುಕಾಗಿದೆ, ಮೌನವಾಗಿದ್ದರೆ ಮತ್ತೆ ಅಟ್ಟಕ್ಕೆ. ಮಾರುಕಟ್ಟೆಯಲ್ಲಿ ರಾಶಿ ರಾಶಿಯೂ ಒಂದೊಂದು ಲಾಟು. ವರ್ತಕರು ನೋಡಿ ಬೆಲೆ ಬರೆಯುತ್ತಾರೆ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಮೇಲೆ ಈ ಟೆಂಡರೂ ಕಂಪ್ಯೂಟರಿಗೆ ಹೋಯಿತು. ಬಂದ ಬೆಲೆ ಒಪ್ಪದಿದ್ದರೆ ರೈತ ‘ಬೇಡ’ ಎನ್ನಬಹುದು. ಮಧ್ಯರಾತ್ರಿ ಚೀಟಿ ಗೆದ್ದವನಿಗೆ ಆ ಸವಲತ್ತಿಲ್ಲ.

ಇಲ್ಲೇ ಇನ್ನೊಂದು ಶಾಖೆಯನ್ನೂ ಹೇಳಬೇಕು. ‘ಚೀಟಿ ಹರಾಜು’ ಎಂದರೆ ನಮ್ಮ ಮನೆಯವರು ಇಪ್ಪತ್ತು ಜನರನ್ನು ಕೂಡಿಸಿ ತಿಂಗಳಿಗೊಮ್ಮೆ ಹಾಲಿನಲ್ಲಿ ನಡೆಸುವುದು. ಅಲ್ಲಿ ಹೆಚ್ಚು ಕಳೆದುಕೊಳ್ಳಲು ಒಪ್ಪಿದವನಿಗೆ ಚೀಟಿ. ಅವಸರವಿದ್ದವನು ಕೂಗಿ ಎತ್ತುತ್ತಾನೆ. ಕಾದವನು ಅವನ ನಷ್ಟವನ್ನು ಹಂಚಿಕೊಂಡು ತಿನ್ನುತ್ತಾನೆ. ‘ನಿಮ್ಮ ಕಾರ್ಡಲ್ಲಿ ಕಾದ್ರೆ ಏನು ಸಿಗುತ್ತೆ?’ ಎಂದು ಮನೆಯವರು ಕೇಳಿದರು. ವಿದ್ವತ್ ವಲಯದಲ್ಲಿ ಈ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಆರು: ಪ್ರಯೋಗ

ಪ್ರಯೋಗಕ್ಕೆ ಆರಿಸಿದ ವಸ್ತು: ಅರಸೀಕೆರೆಯಲ್ಲಿ 1971ರಲ್ಲಿ ಹುಟ್ಟಿದ ವೇಗದ ಬೌಲರ್ ಡೇವಿಡ್ ಜಾನ್ಸನ್‌ರ ಚೀಟಿ.

ಹಿನ್ನೆಲೆ ಅರಿಯದವರಿಗೆ: ನಾವು ಹುಡುಗರು ಟ್ರಂಪ್ ಕಾರ್ಡ್ ಆಡುತ್ತಿದ್ದೆವು. ನಿಮ್ಮ ಕೈಲಿರುವ ಚೀಟಿ ನೋಡಿ ‘ವಿಕೆಟ್’ ಎಂದು ಕೂಗಬೇಕು. ಯಾರ ಅಂಕಿ ದೊಡ್ಡದೋ ಅವರಿಗೆ ಎರಡೂ ಚೀಟಿ. ಶ್ರೀನಾಥ್ ಬಂದರೆ ಹಬ್ಬ. ಹುಟ್ಟಿದ್ದು ಮೈಸೂರಾದರೂ ಹೆಸರಿನ ಮುಂದಿರುವ ಜಾವಗಲ್ ನಮ್ಮ ತಾಲ್ಲೂಕಿನದು. ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿದೆ. ಆದರೆ ಜಾನ್ಸನ್ ಯಾರ ಕೈಗೂ ಬರಲಿಲ್ಲ. 1996ರ ಅಕ್ಟೋಬರಿನಲ್ಲಿ ಶ್ರೀನಾಥ್ ಗಾಯಗೊಂಡಾಗ ದೆಹಲಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದರು. ಅವರ ಎಸೆತಕ್ಕೆ ಸ್ಲೇಟರ್ ಸ್ಲಿಪ್ಪಿನಲ್ಲಿ ಅಜರುದ್ದೀನ್‌ಗೆ ಕ್ಯಾಚಿತ್ತರು. ಗಂಟೆಗೆ 157.8 ಕಿಲೋಮೀಟರ್ ವೇಗ ಎಂದು ಪತ್ರಿಕೆಗಳು ಬರೆದವು. ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ ಶ್ರೀನಾಥ್, ಜಾನ್ಸನ್ ಒಟ್ಟಿಗೆ ಆಡಿದರು. ಅರಸೀಕೆರೆ ತಾಲ್ಲೂಕು ಎರಡು ಹೆಸರಾಗಿ ಹಿಂದೂ ಮಹಾಸಾಗರದ ದಡದಲ್ಲಿ ಬೌಲಿಂಗ್ ಮಾಡಿತು. ಗಿಬ್ಸ್, ಮೆಕ್‌ಮಿಲನ್ ಜಾನ್ಸನ್‌ಗೆ ಸಿಕ್ಕರು. ಭಾರತ 100 ಮತ್ತು 66ಕ್ಕೆ ಉದುರಿತು. ಅಲ್ಲಿಗೆ ಮುಗಿಯಿತು: ಟೆಸ್ಟ್ 2, ವಿಕೆಟ್ 3. ಶ್ರೀನಾಥ್ 236 ಎಂದಾಗ 3 ಎನ್ನಬೇಕಾದ ಚೀಟಿಯನ್ನು ಯಾರು ಅಚ್ಚು ಹಾಕಿಸುತ್ತಾರೆ? 2024ರ ಜೂನ್ 20ರಂದು ಅವರು ತೀರಿಕೊಂಡ ಸುದ್ದಿ ಬಂತು. ಅಂದು ರಾತ್ರಿ ಹುಡುಕಲು ಕೂತೆ.

ಆಶ್ಚರ್ಯ! ಒಂದಲ್ಲ, ಪುಟಗಟ್ಟಲೆ ಡೇವಿಡ್ ಜಾನ್ಸನ್ ಚೀಟಿಗಳು. ಬೆರಳುಗುರಿನಷ್ಟು ಚಿತ್ರದಲ್ಲಿ ಹೆಲ್ಮೆಟ್ ಕಂಡಿತು. ಬೌಲರಿಗೆ ಹೆಲ್ಮೆಟ್ ಯಾತಕ್ಕೆ? ಕೊನೆಯಲ್ಲಿ ಬ್ಯಾಟಿಂಗಿಗೆ ಬಂದಾಗಿನ ಫೋಟೊ ಇರಬೇಕು. ಭುಜ ಎರಡು ಪಟ್ಟಾಗಿತ್ತು, ವೇಗದ ಬೌಲರಲ್ಲವೇ. ಎಲ್ಲಕ್ಕಿಂತ ದೊಡ್ಡ ಪ್ರಮಾಣ ಕಂಕುಳಲ್ಲಿತ್ತು. ಕಂದು ಬಣ್ಣದ, ಎರಡೂ ತುದಿ ಚೂಪಾದ, ಸಿಪ್ಪೆ ಸುಲಿಯದ ತೆಂಗಿನಕಾಯಿ! ಅರಸೀಕೆರೆಯವರೆಂಬುದಕ್ಕೆ ಇನ್ನೇನು ಬೇಕು?

ತಾಣದ ಹೆಸರು ಬೇಡ. ಅದರ ಮರ್ಮ ಸಾಕು. ನಿಮ್ಮ ಗರಿಷ್ಠ ಮೊತ್ತವನ್ನು ಯಂತ್ರದ ಕಿವಿಯಲ್ಲಿ ಉಸುರಿಟ್ಟರೆ, ಎದುರಾಳಿ ಕೂಗಿದಾಗಲೆಲ್ಲ ಅದು ನಿಮ್ಮ ಪರವಾಗಿ ಒಂದು ಮೆಟ್ಟಿಲು ಮೇಲೆ ಕೂಗುತ್ತದೆ. ಆದ್ದರಿಂದ ಗೆದ್ದವನು ತೆರುವುದು ತನ್ನ ಮನಸ್ಸಿನ ಬೆಲೆಯನ್ನಲ್ಲ, ಸೋತವನ ಮನಸ್ಸಿನ ಬೆಲೆಯನ್ನು, ಮೇಲೊಂದು ಮೆಟ್ಟಿಲು ಸೇರಿಸಿ. ಇದು ತಿಳಿದವರು ಕೊನೆಯ ಗಳಿಗೆಯವರೆಗೆ ಹುಲಿಯ ಮುಂದೆ ಸಳನಂತೆ ಸುಮ್ಮನಿದ್ದು, ಮೂರು ಸೆಕೆಂಡು ಉಳಿದಾಗ ಹೊಯ್ಯುತ್ತಾರೆ. ನಾನೂ ಹೊಯ್ದೆ. ನಾಲ್ಕು ಡಾಲರಿಗೆ ಗೆದ್ದೆ. ಸಾಗಣೆ ಹದಿನೆಂಟು.

ಏಳು: ಫಲಿತಾಂಶ

ಆರನೇ ವಾರಕ್ಕೆ ಲಕೋಟೆ ಬಂತು. ಚೀಟಿಯಲ್ಲಿದ್ದಾತ ಅರಿಜೋನಾ ಕಾರ್ಡಿನಲ್ಸ್ ಎಂಬ ತಂಡಕ್ಕೆ 2015ರಲ್ಲಿ ಸೇರಿದ ಅಮೆರಿಕನ್ ಫುಟ್‌ಬಾಲ್ ಆಟಗಾರ. ಹೆಸರು ಡೇವಿಡ್ ಜಾನ್ಸನ್ನೇ. ತೆಂಗಿನಕಾಯಿ ಅವರ ಚೆಂಡು. ಚೀಟಿ ನಿಜ, ಮೂಲೆ ಚೂಪು, ಮಾರಿದವನ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಇಡೀ ವ್ಯವಹಾರದಲ್ಲಿ ನಕಲಿಯಾಗಿದ್ದದ್ದು ನನ್ನ ಕಣ್ಣು ಮಾತ್ರ.

ಮನೆಯವರು ಚೀಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ‘ಕಾಯಿ ಹಿಡ್ಕೊಂಡಿದಾನೆ. ನಮ್ಮೂರೋನೇ ಬಿಡಿ’ ಎಂದರು. ಬಳಿಕ ಚೀಟಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಅಟ್ಟಕ್ಕೆ ಹೋಯಿತು.

ಎಂಟು: ಉಪಸಂಹಾರ

ಜಾನ್ಸನ್‌ರ ಚೀಟಿ ನನಗೆ ಇನ್ನೂ ಸಿಕ್ಕಿಲ್ಲ. ಈ ಶಾಸ್ತ್ರದ ಅಂತಿಮ ಸೂತ್ರವೂ ಇದೇ: ಇಬ್ಬರು ಕೂಗಿದರೆ ಬೆಲೆ ಹುಟ್ಟುತ್ತದೆ, ಒಬ್ಬನೇ ಕೂಗಿದರೆ ಅದು ಬರೀ ಕೂಗು. ಮ್ಯಾಂಟಲ್‌ಗೆ ನೂರು ಕೋಟಿ ಬಂದದ್ದು ಅವನನ್ನು ಬಯಸಿದ ಎರಡನೆಯವನೊಬ್ಬ ಇದ್ದುದರಿಂದ. ಮೂರು ವಿಕೆಟ್ಟಿನ ಬೌಲರನಿಗೆ ನಾನೊಬ್ಬನೇ ಕೂಗುತ್ತಿದ್ದೇನೆ. ಎದುರಾಳಿ ಇಲ್ಲ. ಮಾಲೂ ಇಲ್ಲ.

ಹಳೇಬೀಡಿಗೆ ಇನ್ನೊಂದು ನಿಷ್ಪತ್ತಿಯುಂಟು. ಇದನ್ನು ಬರೆಯುತ್ತಿರುವಾಗ ಒಳಗಿನಿಂದ ತೇಲಿಬಂತು: ‘ಹಳೇದು ಅದು, ಬಿಡು!’ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾದ ಈ ವಾದವನ್ನು ಮುಂದಿನ ಆವೃತ್ತಿಯಲ್ಲಿ ವಿವರವಾಗಿ ಪರಿಶೀಲಿಸಲಾಗುವುದು. ಈಗ ಬಿಡುವಿಲ್ಲ. 1996ರ ಭಾರತ ತಂಡದ್ದೆನ್ನುವ ಚೀಟಿಯೊಂದು ಹರಾಜಿಗೆ ಬಂದಿದೆ. ಹಿಂದಿನ ಸಾಲಿನಲ್ಲಿ, ಬಲತುದಿಯಲ್ಲಿ, ಅರ್ಧ ಮುಖ ಕಾಣುತ್ತಿದೆ. ಇನ್ನು ನಾಲ್ಕು ನಿಮಿಷ ಉಳಿದಿದೆ.